ಹೆಸ್ಟರ್ ಮುದುಕಿಯ ಕಣಿವೆ

“ಆ ಕಣಿವೆಗೆ ಮಾತ್ರ ಇಳೀಬೇಡ, ಅಳಿಯ,” ಬೂಟಿನ ದಾರ ಬಿಗಿಯುತ್ತ ಹೇಳಿದರು ಆರಿನ್. “ಹೆಸ್ಟರ್ ಮುದುಕಿ ಮಾಟ ಮಾಡಿಟ್ಟ ಜಾಗ. ಬೇಟೆಗೆ ಹೋದಾಗ ಅವಳ ಮಗನ್ನ ಎಲ್ಕ್ ಜಿಂಕೆ ಅಂದ್ಕೊಂಡು ಜೊತೆಗಾರ್ರೇ ಗುಂಡು ಹೊಡೆದುಬಿಟ್ರು. ಅವನ ರಕ್ತ ಮೆತ್ತಿದ ಅಂಗೀನ ಅಲ್ಲೇ ಹೂತು, ‘ಇಲ್ಲಿ ಎಲ್ಕ್ ಕೊಂದವನು ನನ್ನ ಮಗನ ಹಾಗೇ ಬಂದೂಕಿನ ಮುಂದೆ ನಿಲ್ಲಲಿ’ ಅಂತ ಶಾಪ ಹಾಕಿದ್ಳು.”

ಕೋಲ್ಬಿ ನಕ್ಕುಬಿಟ್ಟ. ಶಿಕಾಗೋದ ಹುಡುಗ; ಹೆಂಡತಿಯ ಮನೆಯವರೊಡನೆ ಮೊಂಟಾನಾದ ಬೆಟ್ಟ ಹತ್ತಿದ್ದು ಇದೇ ಮೊದಲು.

“ಒಳ್ಳೇ ಬೇಟೆ ಜಾಗ ಬಚ್ಚಿಟ್ಕೊಳ್ಳೋಕೆ ಮುದುಕಿ ಹೂಡಿದ ಆಟ, ಮಾವ!”

“ಬಾಯಿ ಮುಚ್ಚೋ ಮಾರಾಯ,” ಎಂದ ಆರಿನ್‌ರ ಗೆಳೆಯ ಡ್ವೈಟ್. ಕೋಲ್ಬಿಯ ಹೆಂಡತಿ ಜನೆಲ್ ಗಂಡನ ತೋಳು ಹಿಡಿದಳು. ಅವನು ಬಿಡಿಸಿಕೊಂಡ.

ಮಧ್ಯಾಹ್ನದ ಹೊತ್ತಿಗೆ ಅವನು ಆ ಕಣಿವೆಯಲ್ಲೇ ಇದ್ದ. ಕೊಂಬಿನ ಹೊರೆ ಹೊತ್ತ ಗಂಡು ಎಲ್ಕ್ ಒಂದೇ ಗುಂಡಿಗೆ ಮಂಡಿಯೂರಿತು. ಬಿಸಿ ರಕ್ತ ಹಿಮದ ಮೇಲೆ ಹಬೆಯಾಡಿತು. ದೇವದಾರಿನ ಅಂಟಿನ ವಾಸನೆಯೊಳಗೆ ಮೃಗದ ಗಬ್ಬು ಬೆರೆಯಿತು. ಮೃಗವೆಂದು ಯಾರೂ ಗುಂಡು ಹಾರಿಸದಿರಲೆಂದು ಬೇಟೆಗಾರರೆಲ್ಲ ತೊಡುವ ಕಿತ್ತಳೆ ಬಣ್ಣದ ಮೇಲಂಗಿಯನ್ನು ಕಳಚಿ, ಗುರುತಿಗೆಂದು ಕೊಂಬೆಗೆ ತೂಗುಹಾಕಿ, ಉಳಿದವರನ್ನು ಕರೆತರಲು ದಿಣ್ಣೆ ಹತ್ತಿದ.

ಮಂಜು ಇಳಿಯಿತು. ಆ ಗಬ್ಬು ಅವನನ್ನು ಬಿಡಲಿಲ್ಲ. ಮೂಸಿದ. ಅದು ಅವನ ಮೈಯಿಂದಲೇ ಬರುತ್ತಿತ್ತು.

ದಿಣ್ಣೆಯ ಮೇಲೆ ಮೂರು ಕಿತ್ತಳೆ ಚುಕ್ಕೆಗಳು ಕಂಡವು. “ಮಾವಾ!” ಎಂದು ಕೂಗಿದ.

ಗಂಟಲಿನಿಂದ ಹೊರಟಿದ್ದು ಉದ್ದನೆಯ, ಸೀಳು ಸಿಳ್ಳು. ಬೆದೆಗೆ ಬಂದ ಎಲ್ಕಿನ ಕೂಗು.

ಚುಕ್ಕೆಗಳು ನಿಂತವು.

“ಭಾರೀ ಗಂಡು,” ಡ್ವೈಟ್‌ನ ಪಿಸುದನಿ. “ಎದೆಗೇ ಗುರಿ ಇಡು, ಆರಿನ್.”

ನಾನು! ನಾನು ಕೋಲ್ಬಿ! ಮತ್ತೆ ಸಿಳ್ಳು. ಆರಿನ್ ಮಂಡಿಯೂರಿದರು. ಬಂದೂಕಿನ ನಳಿಗೆ ಏರಿತು. ಓಡಬೇಕು. ಕಾಲು ಏಳಲಿಲ್ಲ. ಎರಡೂ ಕೈ ಮೇಲೆತ್ತಿದ.

“ಅಪ್ಪಾ! ಕೈ! ಅದು ಕೈ!” ಜನೆಲ್ ಬಂದೂಕಿನ ಮೇಲೆ ಬಿದ್ದಳು.

ಗುಂಡು ಅವನ ಕಿವಿಯ ತುದಿ ಹರಿದುಕೊಂಡು ಹೋಯಿತು.

ಆಮೇಲೆ ಅವನು ಮಾತಾಡಲಿಲ್ಲ. ಗಂಟಲಿಗೆ ಏನೂ ಆಗಿಲ್ಲ ಎಂದರು ಡಾಕ್ಟರು. ಚಳಿಗಾಲವಿಡೀ ಮನೆಯವರು ಆ ಎಲ್ಕಿನ ಮಾಂಸ ತಿಂದರು, ಕೋಲ್ಬಿ ಮುಟ್ಟಲಿಲ್ಲ. ಹಿಮ ಕರಗಿದ ಮೇಲೆ, ಒಂದು ಬೆಳಿಗ್ಗೆ ತಿಂಡಿಯ ಮೇಜಿನಲ್ಲಿ ಜನೆಲ್ ಅವನ ಮುಖವನ್ನು ಎರಡೂ ಅಂಗೈಯಲ್ಲಿ ಹಿಡಿದಳು.

“ಒಂದೇ ಒಂದ್ಸಲ ನನ್ನ ಹೆಸರು ಕರಿಯೋ. ಹೇಗೇ ಬರಲಿ.”

ಅವನು ಬಾಯಿ ತೆರೆದ. ಕಿಟಕಿಯ ಗಾಜು ನಡುಗುವಂತೆ ಸಿಳ್ಳು ಹೊರಟಿತು.

ಎದುರಿಗೆ ಕೂತಿದ್ದ ಆರಿನ್ ತಟ್ಟನೆ ಎದ್ದರು. ಅವರ ಕೈ ತಾನಾಗಿಯೇ ಗೋಡೆಯ ಬಂದೂಕನ್ನು ತಡಕುತ್ತಿತ್ತು.