ಮಂಚ ತಿರುಗಿಸಿಟ್ಟ ಕೋಣೆ

"ಮನೆ ಬೇಕಾದ್ರೆ ತಗೋ ಮಗಾ, ಆ ಮಂಚ ಮಾತ್ರ ಅಲುಗಿಸಬೇಡ," ಎಂದಳು ಬೇಲಿಯಾಚೆಯ ಮುದುಕಿ ಮಿಸ್ ವರ್ಲಿನ್.

ಲೇಟನ್ ನಕ್ಕ. ಕಿಂಗ್‌ಸ್ಟನ್ ನಗರದಲ್ಲಿ ಬಸ್ಸು ಓಡಿಸುತ್ತಿದ್ದ ಅವನು, ಮನೆ ಕೊಳ್ಳುವ ಮೊದಲು ಓಣಿಯನ್ನೇ ಜಾಲಾಡಿಬಿಡೋಣವೆಂದು ಬಂದಿದ್ದ. ನಲ್ಲಿಯಲ್ಲಿ ನೀರು ಬರುತ್ತದೆಯೇ, ಹೊಳೆ ಒಳಗೆ ನುಗ್ಗುತ್ತದೆಯೇ, ಎಲ್ಲ ವಿಚಾರಿಸಿದ್ದ.

"ಕಳ್ಳರ ಕಾಟ?"

"ಇರೋನು ಒಬ್ಬನೇ ಕಳ್ಳ. ನಿಂಗೆ ಮನೆ ಮಾರ್ತಿದಾನಲ್ಲ, ಅವನೇ."

ಮಾರುತ್ತಿದ್ದವನು ಗಾರ್ನೆಟ್. ವರ್ಲಿನ್ ಅವನ ಕಥೆ ಬಿಚ್ಚಿದಳು. ಮನೆಯಾಸೆಗೆ ತನ್ನ ಚಿಕ್ಕಮ್ಮ ಐಸಿಲ್ಡಾಳನ್ನು ಜ್ವರದಲ್ಲಿ ಒಳಗೆ ಕೂಡಿ, ಚಿಲಕ ಹಾಕಿ ಹೋಗಿದ್ದ. ಓಣಿಯವರು ಬಾಗಿಲು ತೆಗೆಯುವಷ್ಟರಲ್ಲಿ ಮುದುಕಿ ಬಾಯಾರಿ ಸತ್ತಿದ್ದಳು. ಒಳಬಾಗಿಲ ಮೇಲೆ ಉಗುರಿನಿಂದ ಅವನ ಹೆಸರು ಕೆರೆದು ಶಾಪ ಹಾಕಿದ್ದಳು.

"ಅವಳು ಸತ್ತ ಒಂಬತ್ತನೇ ರಾತ್ರಿ ಹಾಡು ಹೇಳಿ, ರಮ್ ಚೆಲ್ಲಿ, ಮಂಚ ತಿರುಗಿಸಿಟ್ವಿ. ವಾಪಸ್ ಬಂದ್ರೂ ಅವಳಿಗೆ ಕೋಣೆ ಗುರುತು ಹತ್ತಬಾರ್ದು ಅಂತ."

"ನಿಮ್ಮ ದೆವ್ವಕ್ಕೆ ಕನ್ನಡಕ ಕೊಡ್ಸಿ, ಮಿಸ್!"

ಸುಡು ಮಧ್ಯಾಹ್ನ. ಮನೆ ತೋರಿಸಲು ಬಂದ ಗಾರ್ನೆಟ್ ಅಂಗಳದಲ್ಲೇ ಉಳಿದ; ಲೇಟನ್ ಒಬ್ಬನೇ ಐಸಿಲ್ಡಾಳ ಕೋಣೆಗೆ ಹೋದ. ಮೂಲೆಯಲ್ಲಿದ್ದ ಮಂಚಕ್ಕೆ ಗಾಳಿಯಿರಲಿಲ್ಲ. ಲೇಟನ್ ಅದನ್ನು ಕಿಟಕಿಯ ಕೆಳಗೆ ಎಳೆದ. ನೆಲದ ಹಳೆಯ ಗುಳಿಗಳಲ್ಲಿ ಕಾಲುಗಳು ತಾವಾಗಿಯೇ ಕೂತವು. ಮೈ ಚಾಚಿದ.

ಮೊದಲು ನಾತ ಬಂತು. ಜ್ವರದ ಬೆವರು, ಒಣಗಿದ ಮೂತ್ರ. ಕಿಟಕಿಯ ಬೆಳಕು ಮಸಿಯಾಯಿತು. ಹೊರಗೆ ಚಿಲಕ ಬಿತ್ತು. ಬಾಗಿಲು ಕೆರೆಯುವ ಸದ್ದು. ಒಳಗಿನಿಂದ. ಅವನ ಪಕ್ಕದಿಂದಲೇ.

"ಗಾರ್ನೆಟ್?" ಕತ್ತಲು ಕೇಳಿತು.

"ನಾನಲ್ಲ!"

ಸೌದೆಯಂಥ ಬೆರಳು ಅವನ ತುಟಿ ಸವರಿತು. ಬಾಯ ಎಂಜಲು ಬತ್ತಿತು. ನಾಲಿಗೆ ಅಂಟಿತು.

"ಎಲ್ಲಿದಾನೆ?"

ಅಂಗಳದಲ್ಲಿ ಗಾರ್ನೆಟ್ ಸಿಳ್ಳೆ ಹಾಕುತ್ತಿದ್ದ. ಒಳಗೆ ಬಂದರೆ ಅವನ ಗತಿಯೇನೆಂದು ಲೇಟನ್‌ಗೆ ಗೊತ್ತಿತ್ತು. ಗೊತ್ತಿದ್ದೇ ಕೂಗಿದ.

"ಗಾರ್ನೆಟ್! ಬಾರೋ ಒಳಗೆ! ಮನೆ ತಗೋತೀನಿ!"

ಚಿಲಕ ಸರಿಯಿತು. ಗಾರ್ನೆಟ್ ಹಲ್ಲು ಕಿರಿಯುತ್ತ ಒಳಗೆ ಕಾಲಿಟ್ಟ. ಏನೋ ಲೇಟನ್‌ನ ಕತ್ತುಪಟ್ಟಿ ಹಿಡಿದು ಅಂಗಳಕ್ಕೆ ಎಸೆಯಿತು. ಬಾಗಿಲು ಮುಚ್ಚಿತು.

ಬೇಲಿಯುದ್ದಕ್ಕೂ ಓಣಿಯವರು ನಿಂತಿದ್ದರು. ಒಳಗೆ ಗಂಡಸೊಬ್ಬ ನೀರು ನೀರು ಎಂದು ಅರಚುತ್ತಿದ್ದ.

"ಯಾರಾದ್ರೂ ತೆಗೀರಿ..." ಲೇಟನ್ ತೊದಲಿದ.

"ಅವತ್ತು ಅವಳ ಕೂಗು ಅವನಿಗೆ ಕೇಳಿಸಿತ್ತಾ?" ಎಂದಳು ವರ್ಲಿನ್. "ಇವತ್ತು ನಮಗೂ ಕೇಳಿಸ್ತಿಲ್ಲ."

ಅವಳು ನೀರಿನ ತಂಬಿಗೆ ಕೊಟ್ಟಳು. ಲೇಟನ್ ಗಟಗಟ ಕುಡಿದ. ನಾಲಿಗೆ ಕಟ್ಟಿಗೆಯಂತೆಯೇ ಇತ್ತು. ಮತ್ತೊಂದು ಕುಡಿದ. ಹೊಟ್ಟೆ ಬಿರಿಯುವಂತಾಯಿತು, ಗಂಟಲು ಮಾತ್ರ ನೆನೆಯಲಿಲ್ಲ. ಒಳಗಿನ ಅರಚಾಟ ನಿಂತುಹೋಯಿತು.

ಅವನು ಮತ್ತೆ ತಂಬಿಗೆ ಚಾಚಿದ.