ಬಿಡು ಅಂದರೆ

“ವರದಾ ರೈಲು ಬಿಡ್ತಾಳೆ! ಅವಳ ಚಿಕ್ಕಯ್ಯ ವಿಮಾನ ಬಿಡ್ತಾನೆ!”

ಶ್ಯಾಮ ಡೆಸ್ಕಿನ ಮೇಲೆ ಹತ್ತಿ ನಿಂತು ಕೂಗುತ್ತಿದ್ದ. ಎರಡೂ ಕೈ ಚಾಚಿ ‘ಬುರ್ರ್’ ಎಂದು ಸದ್ದು ಬೇರೆ ಮಾಡುತ್ತಿದ್ದ. ಆರನೇ ಕ್ಲಾಸಿನ ಮಕ್ಕಳೆಲ್ಲ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು.

“ನಾನೇನೂ ರೈಲು ಬಿಡ್ತಿಲ್ಲ,” ಎಂದಳು ವರದಾ. ಅವಳ ಕಿವಿ ಬಿಸಿಯಾಗಿತ್ತು. “ನಮ್ ಚಿಕ್ಕಯ್ಯ ಬೆಂಗಳೂರಲ್ಲಿ ನಿಜವಾಗ್ಲೂ ವಿಮಾನ ಬಿಡ್ತಾನೆ. ಬಿಡೋದಷ್ಟೇ ಅಲ್ಲ, ಬೇರೆಯವ್ರಿಗೆ ಹೇಳ್ಕೊಡೋ ಇನ್‌ಸ್ಟ್ರಕ್ಟರ್ ಆಗ್ತಿದಾನೆ.”

“ಹಂಗಾರೆ ತೀರ್ಥಹಳ್ಳೀಲಿ ಎಂತ ಮಾಡ್ತಿದಾನೆ? ವಿಮಾನ ಪಂಚರಾ?”

ಮತ್ತೆ ನಗು. ಅಷ್ಟರಲ್ಲಿ ಮಂಜಯ್ಯ ಮೇಷ್ಟ್ರು ಒಳಗೆ ಬಂದರು.

“ಇಳಿಯೋ ಕೋತಿ!” ಎಂದು ಶ್ಯಾಮನನ್ನು ಇಳಿಸಿ, ವರದಾಳ ಕಡೆ ತಿರುಗಿದರು. “ಹೌದೇನೆ? ಹಂಗಾದ್ರೆ ಸೋಮವಾರ ನಿಮ್ ಚಿಕ್ಕಯ್ಯನ್ನ ಕರ್ಕೊಂಡ್ ಬಾ. ಒಂದು ಪೀರಿಯಡ್ ಮಾತಾಡ್ಲಿ. ನಾನೂ ಕೇಳ್ತೀನಿ. ನಾನು ವಿಮಾನ ನೋಡಿದ್ದು ಕೆಳಗಿಂದ್ಲೇ ಮಾರಾಯ್ತಿ.”

ವರದಾ ಹೂಂ ಎಂದು ತಲೆಯಾಡಿಸಿದಳು. ಆಡಿಸಿದ ಮೇಲೆ ಅವಳಿಗೆ ಭಯವಾಯಿತು.

ಯಾಕೆಂದರೆ ಚಿಕ್ಕಯ್ಯ ಮುಕುಂದ ಈಗ ಕೋಣೆ ಬಿಟ್ಟು ಹೊರಗೇ ಬರುತ್ತಿರಲಿಲ್ಲ. ಕೈಗೆ ಪಟ್ಟಿ ಸುತ್ತಿಕೊಂಡು ಬೆಂಗಳೂರಿನಿಂದ ಬಂದವನು ಯಾರ ಜೊತೆಗೂ ಸರಿಯಾಗಿ ಮಾತಾಡಿರಲಿಲ್ಲ. ಊರಿನವರಿಗೆ ರಜೆ ಎಂದು ಹೇಳಿದ್ದರು. ನಿಜ ಸಂಗತಿಯನ್ನು ಅಪ್ಪಯ್ಯ ಅವ್ವನಿಗೆ ಹೇಳುವಾಗ ವರದಾ ಕೇಳಿಸಿಕೊಂಡಿದ್ದಳು. ಚಿಕ್ಕಯ್ಯನ ವಿಮಾನ ಬಿದ್ದಿತ್ತು. ಅವನ ಹತ್ತಿರ ಕಲಿಯುತ್ತಿದ್ದ ಗಜಾನನ ಎಂಬ ಸಾಗರದ ಹುಡುಗ ಆಸ್ಪತ್ರೆಯಲ್ಲಿ ತೀರಿಹೋಗಿದ್ದ.

“ಆ ಹುಡುಗ ಹೆದ್ರಿ ವಿಮಾನ ಏರ್ಸಿ ಇಳ್ಸೋ ಕೋಲು ಹಿಡ್ಕೊಂಬಿಟ್ನಂತೆ,” ಎಂದಿದ್ದರು ಅಪ್ಪಯ್ಯ. “ಎಷ್ಟು ಕೂಗಿದ್ರೂ ಬಿಡ್ಲಿಲ್ಲಂತೆ. ಮುಕುಂದಂದು ತಪ್ಪಿಲ್ಲ ಅಂತ ಅಲ್ಲಿಯವ್ರೇ ಹೇಳಿದಾರೆ. ವಾಪಸ್ ಹೋಗಿ ಇನ್‌ಸ್ಟ್ರಕ್ಟರ್ ಪರೀಕ್ಷೆ ಕಟ್ಲಿ. ಇಲ್ಲಿ ಗೋಡೆ ನೋಡ್ಕೊಂಡ್ ಮಲಗಿದ್ರೆ ಎಂತ ಬಂತು?”

ಭಾನುವಾರ ಮಧ್ಯಾಹ್ನ ವರದಾ ಧೈರ್ಯ ಮಾಡಿ ಕೋಣೆಯ ಬಾಗಿಲಲ್ಲಿ ನಿಂತಳು. ಮೇಷ್ಟ್ರು ಹೇಳಿದ್ದನ್ನು ಹೇಳಿದಳು.

“ನಾ ಬರಲ್ಲ,” ಎಂದ ಚಿಕ್ಕಯ್ಯ.

“ನೀ ಬರ್ದಿದ್ರೆ ಎಲ್ಲರೂ ನನ್ನ ಸುಳ್ಳಿ ಅಂತಾರೆ.”

ಅವನು ಗೋಡೆಯ ಕಡೆ ಹೊರಳಿದ. ವರದಾ ಹೋಗಲೂ ಇಲ್ಲ, ಅಳಲೂ ಇಲ್ಲ. ಕೊನೆಗೆ ಅವನೇ ಎದ್ದು ಕೂತ.

“ನಿಂಗೇ ಹೇಳ್ಕೊಡ್ತೀನಿ. ನೀನೇ ಹೋಗಿ ಹೇಳು. ಎರಡು ಸ್ಟೂಲು ತಗಂಬಾ.”

ಸ್ಟೂಲುಗಳನ್ನು ಒಂದರ ಹಿಂದೊಂದು ಇಟ್ಟರು. ಪ್ರತಿ ಸ್ಟೂಲಿನ ಮುಂದೆ ಒಂದೊಂದು ಕೋಲು ನಿಲ್ಲಿಸಿ, ಎರಡಕ್ಕೂ ಸೇರಿಸಿ ಒಂದು ಬಿದಿರಿನ ಸೀಳು ಕಟ್ಟಿದರು. ಮುಂದಿನ ಕೋಲು ಎಳೆದರೆ ಹಿಂದಿನದೂ ಬರುತ್ತಿತ್ತು.

“ಕಲಿಯೋರು ಮುಂದೆ. ಕಲಿಸೋರು ಹಿಂದೆ. ಇಬ್ಬರ ಕೈಯಲ್ಲೂ ಒಂದೇ ವಿಮಾನ,” ಎಂದ ಚಿಕ್ಕಯ್ಯ.

ವರದಾ ಮುಂದೆ ಕೂತಳು. ಹಿಂದಿನಿಂದ ಅವನ ದನಿ ಬಂತು. ಅದು ಕೋಣೆಯಲ್ಲಿ ಮಲಗಿದ್ದವನ ದನಿಯೇ ಅಲ್ಲ. ಗಟ್ಟಿಯಾಗಿ, ಸ್ಪಷ್ಟವಾಗಿ ಇತ್ತು. ಅಡುಗೆಮನೆಯಲ್ಲಿ ಅವ್ವ ಪಾತ್ರೆಯ ಸದ್ದು ನಿಲ್ಲಿಸಿ ಕಿವಿಗೊಟ್ಟಳು.

“ಇನ್‌ಸ್ಟ್ರಕ್ಟರ್ ಆಗ್ಬೇಕಾದ್ರೆ ಎಂತ ಕಲೀಬೇಕು ಚಿಕ್ಕಯ್ಯಾ?”

“ಕೈ ಮಾಡೋದನ್ನ ಬಾಯಿ ಅದೇ ಹೊತ್ತಿಗೆ ಹೇಳ್ಬೇಕು. ಮುಂಚೆನೂ ಅಲ್ಲ, ಆಮೇಲೂ ಅಲ್ಲ. ನಾನು ಕನ್ನಡಿ ಎದುರು ಕೂತು ಅಭ್ಯಾಸ ಮಾಡ್ತಿದ್ದೆ. ಆಮೇಲೆ ಕಲಿಯೋನು ತಪ್ಪು ಮಾಡ್ತಿದ್ರೂ ಸ್ವಲ್ಪ ಹೊತ್ತು ಕೈ ಕಟ್ಕೊಂಡು ಕೂರ್ಬೇಕು. ಅದು ಭಾರೀ ಕಷ್ಟ.”

“ಹೇಳೋದೆಲ್ಲ ಇಂಗ್ಲಿಷಲ್ಲಾ?”

“ಇಂಗ್ಲಿಷಲ್ಲೇ ಹೇಳ್ಬೇಕು. ಆದ್ರೆ ಗಜಾನನಂಗೆ...”

ಆ ಹೆಸರನ್ನು ಅವನು ಮನೆಯಲ್ಲಿ ಹೇಳಿದ್ದು ಅದೇ ಮೊದಲು. ವರದಾ ಹಿಂದೆ ತಿರುಗಲಿಲ್ಲ.

“ಗಜಾನನಂಗೆ ಇಂಗ್ಲಿಷಲ್ಲಿ ಹೇಳಿದ್ರೆ ಗಲಿಬಿಲಿ ಆಗ್ತಿತ್ತು. ಅದಕ್ಕೆ ನಾನು ಕನ್ನಡದಲ್ಲೇ ಹೇಳ್ತಿದ್ದೆ. ಮನೆಯವ್ರ ಹತ್ರ ಮಾತಾಡ್ದಂಗೆ ಇರ್ತದೆ ಅಂತಿದ್ದ... ಇರ್ಲಿ. ಈಗ ಇಳಿಸ್ತಿದೀವಿ. ನೆಲ ಹತ್ರ ಬಂತು. ಕೋಲು ನಿಧಾನ ಎಳಿ. ನಿಧಾನ. ಅಯ್ಯೋ, ಜಾಸ್ತಿ ಆಯ್ತು. ವಿಮಾನದ ಮೂಗು ಮೇಲೆ ಹೋಯ್ತು! ಬಿಡು! ಬಿಡು!”

ವರದಾ ಎರಡೂ ಕೈಯಲ್ಲಿ ಕೋಲನ್ನು ಬಿಗಿಯಾಗಿ ಹಿಡಿದು ಎಳೆದಳು. ಚಿಕ್ಕಯ್ಯ ಹಿಂದಿನಿಂದ ಮುಂದಕ್ಕೆ ದೂಡಿದ. ಅವಳು ಇನ್ನೂ ಜೋರಾಗಿ ಎಳೆದಳು. ಬಿದಿರಿನ ಸೀಳು ಲಟಕ್ಕನೆ ಮುರಿಯಿತು.

“ಬಿಡು ಅಂದ್ನಲ್ಲ!”

“ಬಿಡ್ತಾನೇ ಇದೀನಲ್ಲ ಚಿಕ್ಕಯ್ಯಾ!” ವರದಾಳಿಗೆ ನಗು ಬಂದಿತ್ತು. “ನೀನೇ ಬಿಡೋಕೆ ಕೊಡ್ತಿಲ್ಲ.”

“ಕೈ ತೆಗಿ ಅಂದಿದ್ದು ನಾನು.”

“ಹಂಗಾ? ವಿಮಾನ ಬಿಡು ಅಂದೆ ಅಂದ್ಕೊಂಡೆ. ಹೆದರ್ಬೇಡ, ನೀನೇ ಬಿಡು, ಅಂತ.”

ವರದಾ ತಿರುಗಿ ನೋಡಿದಳು. ಚಿಕ್ಕಯ್ಯನ ಮುಖ ಬಿಳಿಚಿಕೊಂಡಿತ್ತು. ಮುರಿದ ಬಿದಿರನ್ನು ಹಿಡಿದುಕೊಂಡು ಹಾಗೇ ಕೂತಿದ್ದ.

“ಅವನು ಹೆದ್ರಿರ್ಲಿಲ್ಲ,” ಎಂದ. ವರದಾಳಿಗೆ ಹೇಳಿದಂತಿರಲಿಲ್ಲ. “ನಾನು ಬಿಡು ಬಿಡು ಅಂತ ಕೂಗ್ತಿದ್ದೆ. ಅವನು ಬಿಡ್ತಾನೇ ಇದ್ದ. ನಾ ಹೇಳಿದ್ದನ್ನೇ ಮಾಡ್ದ.”

ವರದಾ ನಗುವುದನ್ನು ನಿಲ್ಲಿಸಿದಳು.

“ಆಸ್ಪತ್ರೆ ಬಾಗಿಲಲ್ಲಿ ಅವನ ಅಪ್ಪ ಕೇಳಿದ್ರು, ನಮ್ ಹುಡುಗ ಎಂತ ಮಾಡ್ದ ಅಂತ. ಹೆದ್ರಿದ, ಅಂದೆ. ತಲೆ ತಗ್ಗಿಸ್ಕೊಂಡು ಹೋದ್ರು.”

“ಈಗ ಹೋಗಿ ಹೇಳು,” ಎಂದಳು ವರದಾ ಮೆಲ್ಲಗೆ. “ಹೆದ್ರಿರ್ಲಿಲ್ಲ ಅಂತ.”

ಅವನು ಹೂಂ ಎಂದು ತಲೆಯಾಡಿಸಿದ.

ಸೋಮವಾರ ಬೆಳಗ್ಗೆ ಚಿಕ್ಕಯ್ಯ ಗಡ್ಡ ಹೆರೆದುಕೊಂಡು ಬಿಳಿ ಶರ್ಟು ಹಾಕಿದ. ಬೂಟಿಗೆ ಪಾಲಿಶ್ ಮಾಡಿದ. ಅವ್ವನ ಮುಖ ಅರಳಿತು.

“ಸ್ಕೂಲಿಗಾ ಮುಕುಂದ? ಹೋಗ್ಬಾ, ಹೋಗ್ಬಾ. ಮಕ್ಕಳ ಜೊತೆ ಮಾತಾಡಿದ್ರೆ ಮನಸ್ಸು ಹಗುರಾಗ್ತದೆ.”

ಸಾಗರದ ಮಾತೆತ್ತದೆ ಇಬ್ಬರೂ ಹೊರಟರು. ಬಸ್ ಸ್ಟ್ಯಾಂಡಿನಲ್ಲಿ ಕಂಡಕ್ಟರು “ಹೊಸನಗರ, ಸಾಗರ!” ಎಂದು ಕೂಗುತ್ತಿದ್ದ. ಚಿಕ್ಕಯ್ಯ ಬಸ್ಸಿನ ಬಾಗಿಲ ಹತ್ತಿರ ಹೋಗಿ ಕಂಬಿ ಹಿಡಿದು ನಿಂತ. ಅವನ ಹಿಂದೆ ನಿಂತಿದ್ದ ಹೆಂಗಸು, “ಹತ್ತೋದಾದ್ರೆ ಹತ್ತಿ, ಇಲ್ಲಾಂದ್ರೆ ದಾರಿ ಕೊಡಿ,” ಎಂದು ಗೊಣಗಿದಳು.

“ಹತ್ತು ಚಿಕ್ಕಯ್ಯಾ.”

“ನೀ ಹೋಗು. ಸ್ಕೂಲ್ ಬೆಲ್ ಹೊಡೀತಿದೆ.”

ವರದಾ ಓಡಿದಳು.

ಕ್ಲಾಸಿನಲ್ಲಿ ಮಂಜಯ್ಯ ಮೇಷ್ಟ್ರು ಕರಿಹಲಗೆ ಒರೆಸಿ, ಹೆಡ್‌ಮಾಸ್ಟರ ಕೋಣೆಯಿಂದ ಒಂದು ಕೈಕುರ್ಚಿ ತರಿಸಿ ಇಟ್ಟಿದ್ದರು.

“ಎಲ್ಲೇ ನಿನ್ನ ಪೈಲಟ್ ಚಿಕ್ಕಯ್ಯ?”

ವರದಾ ಎದ್ದು ನಿಂತಳು. ಹೇಳಲು ಎಷ್ಟೊಂದಿತ್ತು. ಒಂದೇ ವಿಮಾನಕ್ಕೆ ಎರಡು ಕೋಲು ಇರುವುದನ್ನು ಹೇಳಬಹುದಿತ್ತು. ಗಜಾನನನ ಕತೆ ಹೇಳಿದರೆ ಯಾರೂ ನಗುತ್ತಿರಲಿಲ್ಲ. ಶ್ಯಾಮ ಕೂಡ ಬಾಯಿ ತೆರೆದುಕೊಂಡು ಕೇಳುತ್ತಿದ್ದ. ಆದರೆ ಸಂಜೆಯೊಳಗೆ ಊರೆಲ್ಲ ಅದನ್ನೇ ಹೇಳಿಕೊಂಡು ತಿರುಗುತ್ತಿತ್ತು.

“ಜ್ವರ ಬಂದಿದೆ ಸಾರ್,” ಎಂದಳು.

“ಹೊರಟ್ತಪ್ಪಾ ರೈಲು! ಕೂ...!” ಎಂದ ಶ್ಯಾಮ. ಕ್ಲಾಸೆಲ್ಲ ನಕ್ಕಿತು. ಮೇಷ್ಟ್ರ ತುಟಿಯಲ್ಲೂ ನಗು ಕಂಡಿತು. ಅವರು ಆ ಕುರ್ಚಿಯಲ್ಲಿ ತಾವೇ ಕೂತು, “ಸರಿ, ಲೆಕ್ಕದ ಪುಸ್ತಕ ತೆಗೀರಿ,” ಎಂದರು.

ಸಂಜೆ ಮನೆಗೆ ಬಂದಾಗ ಚಿಕ್ಕಯ್ಯನ ಬೂಟು ಬಾಗಿಲಲ್ಲೇ ಇತ್ತು. ಬೆಳಗಿನ ಪಾಲಿಶ್ ಹಾಗೇ ಹೊಳೆಯುತ್ತಿತ್ತು.

ಅವನು ಬಿಳಿ ಶರ್ಟಿನಲ್ಲೇ ಗೋಡೆಯ ಕಡೆ ತಿರುಗಿ ಮಲಗಿದ್ದ. ಕಂಬಳಿಯನ್ನು ಕಿವಿಯವರೆಗೆ ಎಳೆದುಕೊಂಡಿದ್ದ. ವರದಾ ಹತ್ತಿರ ಹೋಗಿ ಕೂತಳು.

“ಬಸ್ಸು ಹೋಯ್ತಾ?”

“ಹೋಯ್ತು.” ಗೋಡೆ ನೋಡುತ್ತಲೇ ಹೇಳಿದ, “ಆಮೇಲಿಂದೂ ಹೋಯ್ತು.”

ವರದಾ ಕಂಬಳಿಯ ಅಂಚನ್ನು ಅವನ ಕಾಲ ಮೇಲೆ ಎಳೆದಳು.

“ಸ್ಕೂಲಲ್ಲಿ ಎಂತ ಹೇಳ್ದೆ?”

“ನಿಂಗೆ ಜ್ವರ ಅಂದೆ.”

ಅಡುಗೆಮನೆಯಿಂದ ಅವ್ವನ ದನಿ ಬಂತು. “ಯಾರಿಗೆ ಜ್ವರ? ಮುಕುಂದಂಗಾ? ಅದಕ್ಕೇನೆ ಮಧ್ಯಾಹ್ನ ಊಟ ಬೇಡ ಅಂದಿದ್ದು? ಹಣೆ ಮುಟ್ಟಿ ನೋಡೆ ವರದಾ!”

ವರದಾ ಚಿಕ್ಕಯ್ಯನ ಹಣೆಯ ಮೇಲೆ ಅಂಗೈ ಇಟ್ಟಳು. ಹಣೆ ತಣ್ಣಗಿತ್ತು. ಅವನು ಕಣ್ಣು ಮುಚ್ಚಿಕೊಂಡ. ಅವಳು ಕೈಯನ್ನು ಅಲ್ಲೇ ಇಟ್ಟುಕೊಂಡಳು.

“ಇದೆ ಅವ್ವಾ,” ಎಂದಳು. “ಜೋರಾಗೇ ಇದೆ.”