ಅಳಿಸುವ ಅಧಿಕಾರ

ಒಂದಾನೊಂದು ಕಾಲದಲ್ಲಿ ರಾಕ್ಷಸನೊಬ್ಬನ ಜೀವ ಏಳು ಸಮುದ್ರದಾಚೆಯ ಗಿಣಿಯಲ್ಲಿತ್ತಂತೆ. ನಮ್ಮ ಕಾಲದಲ್ಲಿ, ಕಣ್ಣಾಸ್ಪತ್ರೆಯ ರಿಸೆಪ್ಷನ್ನಿನಲ್ಲಿ ಕೂರುವ ಹುಡುಗಿಯೊಬ್ಬಳ ಜೀವ ಅವಳ ಫೋನಿನಲ್ಲಿತ್ತು.

"ಮುಟ್ಟಬೇಡಿ!"

ಕೆಲಸಕ್ಕೆ ಸೇರಿದ ದಿನವೇ ಅವಳು ಕಿರುಚಿದ್ದು ಕಂಪ್ಯೂಟರ್ ವಿಭಾಗದವನ ಮೇಲೆ. ಎಲ್ಲರ ಬಾಯಲ್ಲೂ ಅವನು ಪಾಸ್‌ವರ್ಡಪ್ಪ.

"ಆಸ್ಪತ್ರೆ ಇ-ಮೇಲು, ಕ್ಯಾಲೆಂಡರು ನಿಮ್ಮ ಫೋನಿಗೆ ಹಾಕ್ಬೇಕಲ್ರೀ... ಮಂತ್ರ ಹೇಳಿ ಹಾಕೋಕಾಗುತ್ತಾ?"

ಅವಳ ಕಣ್ಣು ಫೋನಿನ ಪರದೆಯ ಮೇಲೇ ನೆಟ್ಟಿತ್ತು. 'ಈ ಫೋನಿನಲ್ಲಿರುವುದನ್ನೆಲ್ಲ ಅಳಿಸುವ ಅಧಿಕಾರವನ್ನು ಸಂಸ್ಥೆಗೆ ನೀಡುತ್ತೀರಾ?'

ಎಲ್ಲವನ್ನೂ?! ಅವಳು ಫೋನನ್ನು ಚೀಲಕ್ಕೆ ತುರುಕಿದಳು.

ಅಂದಿನಿಂದ ಅವನು ಬಂದಾಗಲೆಲ್ಲ ಒಂದೊಂದು ನೆಪ. ಚಾರ್ಜಿಲ್ಲ... ಮನೆಯಲ್ಲೇ ಮರೆತೆ... ಅವನು ಬರುವುದನ್ನು ಬಿಡಲಿಲ್ಲ. ಅವನು ಬಂದಾಗ ಅವಳ ಕೆನ್ನೆ ಬಿಸಿಯಾಗುವುದೂ ನಿಲ್ಲಲಿಲ್ಲ.

ಕೊನೆಗೆ ಮೇಲ್ವಿಚಾರಕಿ ಗುಡುಗಿದರು. "ಡಾಕ್ಟರು ಆಪರೇಷನ್ ಟೈಮ್ ಬದಲಾಯಿಸಿದ್ದು ನಿನಗೊಬ್ಬಳಿಗೇ ಗೊತ್ತಾಗಲಿಲ್ಲ! ಪಾಪ, ಆ ತಾತ ಖಾಲಿ ಹೊಟ್ಟೇಲಿ ಕಾಯ್ತಾ ಕೂತ್ರು. ಸಂಜೆಯೊಳಗೆ ಕ್ಯಾಲೆಂಡರ್ ಫೋನಿಗೆ ಹಾಕಿಸ್ಕೊ. ಇಲ್ಲಾಂದ್ರೆ ನಾಳೆಯಿಂದ ಬರ್ಬೇಡ."

ಪಾಸ್‌ವರ್ಡಪ್ಪ ಮುಖ ಬಿಗಿದುಕೊಂಡೇ ಎದುರು ಕೂತ. "ಅಷ್ಟು ಜೋಪಾನ ಮಾಡೋಕೆ ಯಾರ ಫೋಟೋ ಇದೆ ಅದ್ರಲ್ಲಿ? ಯಾವನೋ ಹುಡುಗನದಾ?"

"ನಮ್ಮಜ್ಜಿ ದನಿ ಇದೆ!" ಅವಳು ಫೋನನ್ನು ಎದೆಗವಚಿಕೊಂಡಳು. "ಲಕ್ವ ಹೊಡೆದ ಮೇಲೆ ಅಜ್ಜಿಗೆ ಮಾತೇ ಇಲ್ಲ. ಮುಂಚೆ ಹೇಳಿದ ಕಥೆಗಳೆಲ್ಲ ಇದ್ರಲ್ಲೇ ಇರೋದು... ಯಾರೋ ಎಲ್ಲೋ ಕೂತು ಅಳಿಸಿಬಿಟ್ರೆ?"

ಅವನು ಪೆಚ್ಚಾದ.

"ಛೆ... ಒಂದು ಮಾತು ಕೇಳೋದು ಬಿಟ್ಟು ಏನೇನೋ ಅಂದ್ಕೊಂಡೆ." ಜೇಬಿನಿಂದ ಪೆನ್‌ಡ್ರೈವ್ ತೆಗೆದ. "ಮೊದಲು ಅಜ್ಜಿ. ಆಮೇಲೆ ಆಸ್ಪತ್ರೆ."

ಕಥೆಗಳು ಒಂದೊಂದಾಗಿ ಪೆನ್‌ಡ್ರೈವಿಗೆ ಇಳಿದವು. ಒಂದನ್ನೂ ಅವನು ತೆರೆದು ಕೇಳಲಿಲ್ಲ. ಪೆನ್‌ಡ್ರೈವನ್ನು ಅವಳ ಅಂಗೈಯಲ್ಲಿಟ್ಟು, ಫೋನಿನಲ್ಲಿ ಕೆಲಸಕ್ಕೆಂದೇ ಬೇರೆ ಜಾಗ ಮಾಡಿದ.

"ಇದು ಆಫೀಸಿನ ಕೋಣೆ. ಅವರು ಗುಡಿಸಿದ್ರೂ ಇಷ್ಟೇ ಗುಡಿಸಬಹುದು. ಅಜ್ಜಿ ಕೋಣೆ ಬೀಗದ ಕೈ ಅವರ ಹತ್ರ ಇಲ್ಲ."

ಅವಳು ಉಸಿರು ಬಿಗಿಹಿಡಿದು ಪಾಸ್‌ವರ್ಡ್ ಒತ್ತಿದಳು. ಮೇಲ್ ಬಂತು. ಕ್ಯಾಲೆಂಡರ್?

"ಪರೀಕ್ಷೆಗೆ ಒಂದು ಆಹ್ವಾನ ಕಳಿಸ್ತೀನಿ," ಎಂದವನು ಅವಳ ಮುಖ ನೋಡದೆ ಗಡಿಬಿಡಿಯಲ್ಲಿ ಏನೋ ಟೈಪಿಸಿ ಕಳಿಸಿದ.

ಟಿಣ್! 'ಭಾನುವಾರ ಸಂಜೆ: ನಿಮ್ಮನ್ನು ಪ್ರೀತಿಸುತ್ತೇನೆಂದು ಅಜ್ಜಿಯ ಮುಂದೆ ಹೇಳುವುದು. ಬರಲೇ?'

ಒಳಗಿನಿಂದ ಮೇಲ್ವಿಚಾರಕಿಯ ದನಿ: "ಇದು ನನಗೂ ಬಂದಿದೆ ಕಣಪ್ಪಾ! ನಾನೂ ಬರ್ಬೇಕಾ?"

ಗಾಬರಿಯಲ್ಲಿ ಇಡೀ ಆಸ್ಪತ್ರೆಗೇ ಕಳಿಸಿದ್ದ ಪುಣ್ಯಾತ್ಮ!

ಕಣ್ಣೊರೆಸಿಕೊಳ್ಳುತ್ತಿದ್ದವಳು ನಕ್ಕೇಬಿಟ್ಟಳು. "ಅಜ್ಜಿ ಮಾತಾಡಲ್ಲ. ಆದ್ರೆ ಕಣ್ಣಲ್ಲೇ ಬೈತಾಳೆ, ಗೊತ್ತಿರ್ಲಿ."

"ಬೈಸ್ಕೊಳ್ತೀನಿ... ನೀವೇನಂತೀರಿ?"

ಅವಳು 'ಒಪ್ಪಿಗೆ' ಒತ್ತಿದಳು. ಭಾನುವಾರದ ಚೌಕ ಹಸಿರಾಯಿತು.

"ಕ್ಯಾಲೆಂಡರೂ ಬಂತು ನೋಡಿ," ಎಂದಳು, ಮೆಲ್ಲಗೆ.